ಪ್ರಯೋಗ ಬಿಟ್ಟ ವ್ಯಾಕರಣ: ಇಂಗ್ಲಿಷ್ ಅಭ್ಯಾಸದ ಒಂದು ಚರಿತ್ರೆ

ಬಿಟ್ಟ ಸ್ಥಳಗಳನ್ನು ಸರಿಯಾದ ಪ್ರಿಪೊಸಿಷನ್‌ನಿಂದ ತುಂಬಿರಿ. ಈ ವಾಕ್ಯವನ್ನು ಪ್ಯಾಸಿವ್ ವಾಯ್ಸ್‌ಗೆ ಬದಲಾಯಿಸಿರಿ. ತಪ್ಪಿದ್ದರೆ ತಿದ್ದಿ ಬರೆಯಿರಿ. ಕನ್ನಡ ನಾಡಿನಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ಯಾರಿಗೂ ಈ ಪ್ರಶ್ನೆಗಳ ಪರಿಚಯ ಮಾಡಿಕೊಡಬೇಕಾಗಿಲ್ಲ. ತಲೆಮಾರುಗಳಿಂದ ಇಂಗ್ಲಿಷ್ ಕಲಿಯುವುದೆಂದರೆ ಇವಕ್ಕೆ ಉತ್ತರ ಬರೆಯುವುದು ಎಂದೇ ನಾವು ನಂಬಿಕೊಂಡು ಬಂದಿದ್ದೇವೆ. ನೋಟ್‌ಬುಕ್ ಹೋಗಿ ಮೊಬೈಲ್ ಬಂದರೂ ಪ್ರಶ್ನೆಯ ರೂಪ ಬದಲಾಗಿಲ್ಲ. ಬೆರಳ ತುದಿಯಲ್ಲಿ ಒತ್ತುವ ನಾಲ್ಕು ಆಯ್ಕೆಗಳಾಗಿ ಅದೇ ಅಭ್ಯಾಸ ಮುಂದುವರಿದಿದೆ. ಹೀಗಿದ್ದೂ ಹತ್ತು ವರ್ಷ ಇಂಗ್ಲಿಷ್ ಓದಿದ ಲಕ್ಷಾಂತರ ಮಕ್ಕಳಿಗೆ ಒಂದು ಅರ್ಜಿಯನ್ನು ಸ್ವಂತವಾಗಿ ಬರೆಯಲು, ಒಂದು ಪತ್ರಿಕಾ ವರದಿಯನ್ನು ಓದಿ ತಿಳಿಯಲು ಬರುವುದಿಲ್ಲ. ಇದಕ್ಕೆ ನಾವು ಮಕ್ಕಳನ್ನು ದೂರುತ್ತೇವೆ, ಮೇಷ್ಟ್ರನ್ನು ದೂರುತ್ತೇವೆ, ಕೊನೆಗೆ ಕನ್ನಡ ಮಾಧ್ಯಮವನ್ನೇ ದೂರುತ್ತೇವೆ. ಅಭ್ಯಾಸ ಎಂಬ ಈ ವಸ್ತು ಎಲ್ಲಿ ಹುಟ್ಟಿತು, ಯಾರಿಗಾಗಿ ಹುಟ್ಟಿತು, ನಮ್ಮಲ್ಲಿಗೆ ಬಂದಾಗ ಏನನ್ನು ಕಳೆದುಕೊಂಡಿತು ಎಂದು ಕೇಳುವುದಿಲ್ಲ. ಕೇಳಿದರೆ ಚರಿತ್ರೆ ಕೊಡುವ ಉತ್ತರ ಸ್ಪಷ್ಟವಾಗಿದೆ: ಈ ಅಭ್ಯಾಸಗಳು ಭಾಷೆಯನ್ನು ಕಲಿಸಲು ಹುಟ್ಟಿದವಲ್ಲ, ಆಗಲೇ ಬಂದ ಭಾಷೆಯನ್ನು ತಿದ್ದಲು ಹುಟ್ಟಿದವು. ಭಾಷೆ ಬೇರೆ ದಾರಿಯಿಂದ ಒಳಗೆ ಬರುತ್ತಿದ್ದಷ್ಟು ಕಾಲ ಅವು ಕೆಲಸ ಮಾಡಿದವು. ಆ ದಾರಿ ಮುಚ್ಚಿದ ಮೇಲೆ ಅಭ್ಯಾಸವೊಂದೇ ಉಳಿಯಿತು.

ಮೂಲಕ್ಕೆ ಹೋಗೋಣ. ಇಂಗ್ಲೆಂಡಿನ ಶಾಲೆಗಳಲ್ಲಿ ವ್ಯಾಕರಣವೆಂದರೆ ಬಹುಕಾಲ ಲ್ಯಾಟಿನ್ ವ್ಯಾಕರಣವೇ. ಇಂಗ್ಲಿಷಿಗೆ ಶಾಲಾ ವ್ಯಾಕರಣಗಳು ಹೆಚ್ಚಿದ್ದು 18ನೇ ಶತಮಾನದಲ್ಲಿ, ಮತ್ತು ಅವು ಲ್ಯಾಟಿನ್ನಿನ ಅಚ್ಚಿನಲ್ಲೇ ಎರಕಗೊಂಡವು. ಆ ಶತಮಾನದ ನಡುವೆ ನ್ಯೂಕಾಸಲ್ ಪಟ್ಟಣದ ಶಿಕ್ಷಕಿ ಆ್ಯನ್ ಫಿಶರ್ ತನ್ನ ವ್ಯಾಕರಣ ಪುಸ್ತಕದಲ್ಲಿ ಬೇಕೆಂದೇ ತಪ್ಪು ವಾಕ್ಯಗಳನ್ನು ಕೊಟ್ಟು ಮಕ್ಕಳಿಂದ ತಿದ್ದಿಸುವ ಕ್ರಮವನ್ನು ಬಳಕೆಗೆ ತಂದಳು. ಅದನ್ನು ಜಗತ್ತಿನ ಮೂಲೆಮೂಲೆಗೆ ಮುಟ್ಟಿಸಿದವನು ಲಿಂಡ್ಲಿ ಮರ್ರೆ. ಅಮೆರಿಕದಲ್ಲಿ ಹುಟ್ಟಿ, ವಕೀಲನಾಗಿ ದುಡಿದು, ಇಂಗ್ಲೆಂಡಿನ ಯಾರ್ಕ್ ಬಳಿ ಬಂದು ನೆಲೆಸಿದ ಈತ ಅಲ್ಲಿನ ಹೆಣ್ಣುಮಕ್ಕಳ ಶಾಲೆಯೊಂದಕ್ಕಾಗಿ 1795ರಲ್ಲಿ ಇಂಗ್ಲಿಷ್ ವ್ಯಾಕರಣವನ್ನೂ 1797ರಲ್ಲಿ ಅದಕ್ಕೆ ಜೋಡಿಯಾಗಿ ಅಭ್ಯಾಸಗಳ ಪುಸ್ತಕವನ್ನೂ ಹೊರತಂದನು. ಆ ಅಭ್ಯಾಸ ಪುಸ್ತಕದ ತುಂಬ ತಿದ್ದಬೇಕಾದ ವಾಕ್ಯಗಳೇ. ಇಲ್ಲಿ ಗಮನಿಸಬೇಕಾದ ಸಂಗತಿ, ಆ ಪುಸ್ತಕದ ಮುಂದೆ ಕುಳಿತ ಹುಡುಗಿಯರು ಯಾರು ಎಂಬುದು. ಅವರು ತೊಟ್ಟಿಲಿನಿಂದ ಇಂಗ್ಲಿಷ್ ಕೇಳಿ, ಇಂಗ್ಲಿಷಿನಲ್ಲೇ ಅತ್ತು ನಕ್ಕು ಬೆಳೆದವರು. ಅವರಿಗೆ ಭಾಷೆ ಬರುತ್ತಿತ್ತು. ಶಿಷ್ಟರ ಬರಹ ಬರುತ್ತಿರಲಿಲ್ಲ. ಮರ್ರೆಯ ಕೆಲಸ ಆ ಅಂತರವನ್ನು ತುಂಬುವುದಷ್ಟೇ ಆಗಿತ್ತು.

ವ್ಯಾಕರಣಕ್ಕೂ ಬಳಕೆಗೂ ಇರುವ ಈ ಸಂಬಂಧ ಕನ್ನಡದ ಓದುಗರಿಗೆ ಹೊಸದಲ್ಲ. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣವನ್ನು ರಚಿಸುವಾಗ ಸೂತ್ರ ಹೇಳಿ ಸುಮ್ಮನಾಗಲಿಲ್ಲ. ತನಗಿಂತ ಹಿಂದಿನ ಕವಿಗಳ ಪ್ರಯೋಗಗಳನ್ನು ಒಂದೊಂದಾಗಿ ಎತ್ತಿ ತೋರಿಸಿದನು. ಲಕ್ಷ್ಯ ಅಂದರೆ ಪ್ರಯೋಗ ಮೊದಲು, ಲಕ್ಷಣ ಅಂದರೆ ನಿಯಮ ಆಮೇಲೆ ಎಂಬುದು ನಮ್ಮ ಶಾಸ್ತ್ರಕಾರರ ಒಪ್ಪಿತ ಕ್ರಮ. ಪಂಪ, ಪೊನ್ನ, ರನ್ನರನ್ನು ಕೇಳಿ ಪಳಗಿದ ಕಿವಿಯಿದ್ದವನಿಗೆ ಕೇಶಿರಾಜನ ಸೂತ್ರ ಬೆಳಕಾಗುತ್ತದೆ. ಆ ಕಿವಿಯೇ ಇಲ್ಲದವನಿಗೆ ಅದು ಬರಿಯ ಕಂದಪದ್ಯ. ಕನ್ನಡದ ಮಟ್ಟಿಗೆ ಇಷ್ಟು ಚೆನ್ನಾಗಿ ತಿಳಿದಿದ್ದ ಸತ್ಯವನ್ನು ಇಂಗ್ಲಿಷ್ ಕಲಿಕೆಗೆ ಬಂದಾಗ ನಾವು ಮರೆತೆವು. ಮರೆಯಲು ಕಾರಣವೂ ಇತ್ತು.

ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಉಚಿತ ಇಂಗ್ಲಿಷ್ ಶಾಲೆಯನ್ನು ತೆರೆದದ್ದು 1833ರಲ್ಲಿ, ಅಂದರೆ ಇಂಗ್ಲಿಷ್ ಶಿಕ್ಷಣದ ಪರವಾದ ಮೆಕಾಲೆಯ ಟಿಪ್ಪಣಿಗೆ ಎರಡು ವರ್ಷ ಮೊದಲೇ. ಆ ಶಾಲೆಯೇ ಮುಂದೆ ಮಹಾರಾಜಾ ಕಾಲೇಜಾಗಿ ಬೆಳೆಯಿತು. 1858ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹೈಸ್ಕೂಲು ಸೆಂಟ್ರಲ್ ಕಾಲೇಜಾಯಿತು. 1854ರ ವುಡ್ ವರದಿ ಜನಸಾಮಾನ್ಯರ ಶಿಕ್ಷಣಕ್ಕೆ ದೇಶಭಾಷೆ, ಮೇಲಿನ ಶಿಕ್ಷಣಕ್ಕೆ ಇಂಗ್ಲಿಷ್ ಎಂಬ ಹಂಚಿಕೆಯನ್ನು ಮಾಡಿತು. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾನಿಲಯಗಳು ಹುಟ್ಟಿದವು. ಅವುಗಳ ಹೆಬ್ಬಾಗಿಲಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆ ನಿಂತಿತು. ಸರ್ಕಾರಿ ಗುಮಾಸ್ತಿಕೆಗೂ ಕಾಲೇಜಿಗೂ ಆ ಪರೀಕ್ಷೆಯೇ ರಹದಾರಿ. ದೂರದೂರದ ಊರುಗಳ ಸಾವಿರಾರು ಹುಡುಗರನ್ನು ಒಂದೇ ಅಳತೆಯಲ್ಲಿ ಅಳೆಯಬೇಕಾದಾಗ, ಸರಿ ಅಥವಾ ತಪ್ಪು ಎಂದು ಥಟ್ಟನೆ ಗುರುತಿಸಬಹುದಾದ ವ್ಯಾಕರಣ ಪ್ರಶ್ನೆಗಿಂತ ಅನುಕೂಲವಾದದ್ದು ಬೇರೆ ಇರಲಿಲ್ಲ. ಪರೀಕ್ಷೆಯನ್ನು ಹಿಂಬಾಲಿಸಿ ಪುಸ್ತಕಗಳು ಬಂದವು. ಔಧ್ ಸೀಮೆಯಲ್ಲಿ ಶಿಕ್ಷಣ ಇಲಾಖೆಯ ನಿರ್ದೇಶಕನಾಗಿದ್ದ ಜೆ.ಸಿ. ನೆಸ್‌ಫೀಲ್ಡ್ 1890ರ ದಶಕದಲ್ಲಿ ಬರೆದ ವ್ಯಾಕರಣಗಳು ದೇಶವಿಡೀ ನಡೆದವು. ಬೊಂಬಾಯಿ ಪ್ರಾಂತದಲ್ಲಿ ಶಿಕ್ಷಣ ಇಲಾಖೆಯ ನೌಕರಿ ಮಾಡಿ, ಬಳಿಕ ಬೋ ಜೆಸ್ಟ್ ಎಂಬ ಸಾಹಸ ಕಾದಂಬರಿಯಿಂದ ಹೆಸರಾದ ಪಿ.ಸಿ. ರೆನ್ ಮತ್ತು ಎಚ್. ಮಾರ್ಟಿನ್ ಸೇರಿ 1930ರ ದಶಕದಲ್ಲಿ ತಂದ ಹೈಸ್ಕೂಲ್ ವ್ಯಾಕರಣವಂತೂ ಎನ್.ಡಿ.ವಿ. ಪ್ರಸಾದ ರಾವ್ ಅವರ ಪರಿಷ್ಕರಣೆಯೊಂದಿಗೆ ಇಂದಿಗೂ ಅಂಗಡಿಗಳಲ್ಲಿ ಸಿಗುತ್ತದೆ. ರೆನ್ ಅಂಡ್ ಮಾರ್ಟಿನ್ ಎಂಬುದು ನಮ್ಮಲ್ಲಿ ಪುಸ್ತಕದ ಹೆಸರಾಗಿ ಉಳಿಯದೆ, ಇಂಗ್ಲಿಷ್ ಕಲಿಕೆಯ ಪರ್ಯಾಯ ಹೆಸರೇ ಆಗಿಬಿಟ್ಟಿತು.

ಹಾಗಾದರೆ ಈ ಪುಸ್ತಕಗಳನ್ನು ಓದಿದ ಹಳೆಯ ಕಾಲದವರು ಅಷ್ಟು ಚೆನ್ನಾಗಿ ಇಂಗ್ಲಿಷ್ ಬರೆಯುತ್ತಿದ್ದರಲ್ಲ ಎಂಬ ಮಾತು ಕೂಡಲೇ ಬರುತ್ತದೆ. ಇದು ಹಗುರವಾಗಿ ತಳ್ಳಿಹಾಕುವ ಆಕ್ಷೇಪಣೆಯಲ್ಲ, ಉತ್ತರ ಕೊಡಲೇಬೇಕು. ಮೊದಲನೆಯದಾಗಿ, ಆ ಕಾಲದ ಹೈಸ್ಕೂಲಿನಲ್ಲಿ ಗಣಿತ, ಚರಿತ್ರೆ, ಭೂಗೋಳ, ವಿಜ್ಞಾನ ಎಲ್ಲವೂ ಇಂಗ್ಲಿಷಿನಲ್ಲಿ ನಡೆಯುತ್ತಿದ್ದವು. ವ್ಯಾಕರಣದ ಗಂಟೆ ದಿನಕ್ಕೆ ಒಂದಾದರೆ, ಭಾಷೆ ಬಳಕೆಯಾಗುವ ಗಂಟೆಗಳು ನಾಲ್ಕೈದು. ಅಶೋಕನ ಬಗ್ಗೆ, ಆಮ್ಲಜನಕದ ಬಗ್ಗೆ ಕೇಳಿ, ಓದಿ, ಬರೆಯುವಾಗ ಆ ಹುಡುಗರಿಗೆ ಇಂಗ್ಲಿಷ್ ಒಂದು ವಿಷಯವಾಗಿರಲಿಲ್ಲ, ವಿಷಯ ತಿಳಿಯುವ ದಾರಿಯಾಗಿತ್ತು. ಎರಡನೆಯದಾಗಿ, ನಾವು ನೆನಪಿಡುವುದು ಗೆದ್ದವರನ್ನು ಮಾತ್ರ. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದು, ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದು 1920ರ ದಶಕದಲ್ಲಿ ಹೊಸ ಕಾವ್ಯಕ್ಕೆ ದಾರಿ ತೆರೆದ ಬಿ.ಎಂ.ಶ್ರೀ ಅವರಂಥವರು ಇಂಗ್ಲಿಷ್ ಸಾಹಿತ್ಯವನ್ನು ಮನಸಾರೆ ಓದಿದ್ದವರು. ಅವರ ಭಾಷೆಯ ಶ್ರೇಯಸ್ಸು ವ್ಯಾಕರಣದ ಅಭ್ಯಾಸಕ್ಕೆ ಸಲ್ಲುವಂಥದ್ದಲ್ಲ. ಸೋತವರ ಸಾಕ್ಷಿ ಸರ್ಕಾರದ ಕಡತಗಳಲ್ಲೇ ಇದೆ. 1902ರ ಭಾರತೀಯ ವಿಶ್ವವಿದ್ಯಾನಿಲಯಗಳ ಆಯೋಗವು ಮೆಟ್ರಿಕ್ಯುಲೇಷನ್ ಮುಗಿಸಿ ಕಾಲೇಜಿಗೆ ಬಂದ ವಿದ್ಯಾರ್ಥಿಗಳಿಗೆ ಇಂಗ್ಲಿಷಿನಲ್ಲಿ ನಡೆಯುವ ಪಾಠ ಅರ್ಥವಾಗುವುದಿಲ್ಲ ಎಂದು ದಾಖಲಿಸಿತು. ವ್ಯಾಕರಣದ ಪರೀಕ್ಷೆಯಲ್ಲಿ ತೇರ್ಗಡೆಯಾದವರೇ ಅವರು. ವ್ಯಾಕರಣದ ಸುವರ್ಣಯುಗ ಎಂದು ನಾವು ಕರೆಯುವ ಕಾಲದಲ್ಲಿಯೇ ಈ ದೂರು ಹಳೆಯದಾಗಿತ್ತು.

ಸ್ವಾತಂತ್ರ್ಯದ ಹಿಂದುಮುಂದಿನ ದಶಕಗಳಲ್ಲಿ ಹೈಸ್ಕೂಲಿನ ಪಾಠಗಳು ದೇಶಭಾಷೆಗಳಿಗೆ ಬಂದವು. ಅದು ನ್ಯಾಯವಾದ ತೀರ್ಮಾನ. ರೈತರ, ಕೂಲಿಕಾರರ ಮಕ್ಕಳು ಮೊದಲ ಬಾರಿಗೆ ಹೈಸ್ಕೂಲಿನ ಬೆಂಚಿನಲ್ಲಿ ಕುಳಿತು ವಿಜ್ಞಾನವನ್ನು ತಮ್ಮ ಮಾತಿನಲ್ಲಿ ಕಲಿತರು. ಆದರೆ ಇಂಗ್ಲಿಷಿನ ಮಟ್ಟಿಗೆ ಅಂದು ಮಾಡಬೇಕಾಗಿದ್ದ ಒಂದು ಲೆಕ್ಕವನ್ನು ಯಾರೂ ಮಾಡಲಿಲ್ಲ. ಬೇರೆ ವಿಷಯಗಳ ಮೂಲಕ ತಾನಾಗಿ ಸಿಗುತ್ತಿದ್ದ ಇಂಗ್ಲಿಷ್ ಬಳಕೆ ಒಮ್ಮೆಲೇ ನಿಂತುಹೋಗಿ ವ್ಯಾಕರಣದ ಗಂಟೆ ಒಂದೇ ಉಳಿಯಿತು. ತಿದ್ದುವ ಉಪಕರಣ ಕೈಯಲ್ಲಿತ್ತು, ತಿದ್ದಬೇಕಾದ ಭಾಷೆ ಇರಲಿಲ್ಲ. ಪೈರೇ ಇಲ್ಲದ ಹೊಲದಲ್ಲಿ ಕಳೆ ಕೀಳಲು ಮಕ್ಕಳನ್ನು ಇಳಿಸಿದಂತಾಯಿತು. ಮಾಧ್ಯಮ ಬದಲಾದದ್ದು ತಪ್ಪಲ್ಲ. ಮಾಧ್ಯಮದ ಜೊತೆಗೆ ಇಂಗ್ಲಿಷ್ ಪಾಠದ ಸ್ವರೂಪ ಬದಲಾಗದೇ ಹೋದದ್ದು ತಪ್ಪು. ಇಂದಿನ ಸೋಲಿನ ಬೇರು ಇಲ್ಲಿದೆ.

ಈ ಅಪಾಯವನ್ನು ಮುಂಚೆಯೇ ಕಂಡವರಿದ್ದರು ಎಂಬುದು ಈ ಚರಿತ್ರೆಯ ಬಹುಮುಖ್ಯ ಭಾಗ, ಮತ್ತು ಅವರ ಪ್ರಯೋಗಶಾಲೆ ಲಂಡನ್ನಿನಲ್ಲಿರಲಿಲ್ಲ. ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಮೈಕೆಲ್ ವೆಸ್ಟ್ 1926ರಲ್ಲಿ ಬಂಗಾಳದ ದ್ವಿಭಾಷಿಕತೆಯ ಬಗ್ಗೆ ಒಂದು ವರದಿಯನ್ನು ಪ್ರಕಟಿಸಿದರು. ಅವರು ಎತ್ತಿದ ಪ್ರಶ್ನೆ ಸರಳವಾಗಿತ್ತು. ಶಾಲೆಗೆ ಸೇರಿದ ಮಕ್ಕಳಲ್ಲಿ ಬಹುಪಾಲು ಮಂದಿ ನಡುವೆಯೇ ಬಿಟ್ಟು ಹೋಗುತ್ತಾರೆ. ಹೀಗೆ ಬಿಟ್ಟು ಹೋದ ಹುಡುಗನ ಕೈಯಲ್ಲಿ ಏನು ಉಳಿಯುತ್ತದೆ? ವಿಮೆ ಪಾಲಿಸಿಯನ್ನು ಅವಧಿಗೆ ಮುಂಚೆ ಒಪ್ಪಿಸಿದರೂ ಅಷ್ಟಿಷ್ಟು ಹಣ ಮರಳಿ ಬರುವಂತೆ, ಭಾಷೆಯ ಪಾಠಕ್ಕೂ ಪ್ರತಿ ವರ್ಷದ ಕೊನೆಗೆ ಒಂದು ಮೌಲ್ಯವಿರಬೇಕು ಎಂದರು ವೆಸ್ಟ್. ಮೂರು ವರ್ಷ ವ್ಯಾಕರಣದ ನಿಯಮ ಕಲಿತು ಬಿಟ್ಟವನಿಗೆ ಏನೂ ದಕ್ಕುವುದಿಲ್ಲ. ಮೂರು ವರ್ಷ ಓದುವುದನ್ನು ಕಲಿತವನಿಗೆ ಸುಲಭ ಪುಸ್ತಕವನ್ನಾದರೂ ಓದುವ ಶಕ್ತಿ ಉಳಿಯುತ್ತದೆ, ಅದು ತಾನಾಗಿ ಬೆಳೆಯಲೂಬಹುದು. ಆದ್ದರಿಂದ ಓದು ಮೊದಲಾಗಬೇಕು ಎಂಬುದು ಅವರ ನಿಲುವು.

ಓದಿಸಲು ಹೊರಟಾಗ ಅವರಿಗೆ ಎದುರಾದದ್ದು ಪದಗಳ ಸಮಸ್ಯೆ. ಆಗಿನ ಪಠ್ಯಗಳಲ್ಲಿ ಒಂದೊಂದು ಪುಟಕ್ಕೂ ಅಪರಿಚಿತ ಪದಗಳು ಕಿಕ್ಕಿರಿದಿದ್ದವು, ಅವುಗಳಲ್ಲಿ ಎಷ್ಟೋ ಪದಗಳು ಹುಡುಗನಿಗೆ ಮತ್ತೆ ಜೀವನದಲ್ಲಿ ಎದುರಾಗದಂಥವು. ವೆಸ್ಟ್ ಎರಡು ಕೆಲಸ ಮಾಡಿದರು. ಹಳತಾದ, ಅಪರೂಪದ ಪದಗಳ ಜಾಗಕ್ಕೆ ದಿನಬಳಕೆಯ ಪದ ತಂದರು. ಹೊಸ ಪದಗಳನ್ನು ವಿರಳವಾಗಿ ಹರಡಿ, ಪರಿಚಯವಾದ ಪದ ಮುಂದಿನ ಸಾಲುಗಳಲ್ಲಿ ಮರಳಿ ಮರಳಿ ಸಿಗುವಂತೆ ಕಥೆಗಳನ್ನು ಬರೆದರು. ನ್ಯೂ ಮೆಥಡ್ ರೀಡರ್‌ಗಳು ಹುಟ್ಟಿದ್ದು ಹೀಗೆ. ಜೇಮ್ಸ್ ಎಂಡಿಕಾಟ್ ಜೊತೆಗೂಡಿ 1935ರಲ್ಲಿ ಅವರು ತಂದ ನಿಘಂಟು 18,000 ಪದಗಳನ್ನೂ 6,000 ನುಡಿಗಟ್ಟುಗಳನ್ನೂ ಕೇವಲ 1,490 ಪದಗಳ ಮಿತಿಯೊಳಗೆ ವಿವರಿಸಿತು. ಕಲಿಯುವವನಿಗೆ ಗೊತ್ತಿಲ್ಲದ ಪದವನ್ನು ಇನ್ನಷ್ಟು ಗೊತ್ತಿಲ್ಲದ ಪದಗಳಿಂದ ವಿವರಿಸುವ ಕ್ರೌರ್ಯಕ್ಕೆ ಅದು ಕೊನೆ ಹಾಡಿತು. 1953ರಲ್ಲಿ ವೆಸ್ಟ್ ಪ್ರಕಟಿಸಿದ ಸುಮಾರು 2,000 ಪದಗಳ ಸಾಮಾನ್ಯ ಬಳಕೆಯ ಪಟ್ಟಿ ಮುಂದೆ ದಶಕಗಳ ಕಾಲ ಜಗತ್ತಿನೆಲ್ಲೆಡೆ ಪಠ್ಯ ಬರೆಯುವವರ ಮೇಜಿನ ಮೇಲಿತ್ತು. ಒಂದು ಸಾಮಾನ್ಯ ಬರಹದಲ್ಲಿ ಬರುವ ಪದಗಳಲ್ಲಿ ನೂರಕ್ಕೆ 80ರಷ್ಟು ಈ 2,000ದಲ್ಲೇ ಅಡಕವಾಗಿರುತ್ತವೆ. ಅಪರೂಪದ ವಿರುದ್ಧಾರ್ಥಕಗಳನ್ನೂ ಸಮೂಹವಾಚಕಗಳನ್ನೂ ಬಾಯಿಪಾಠ ಮಾಡಿಸುವ ನಮ್ಮ ಅಭ್ಯಾಸ ಪುಸ್ತಕಗಳು ಈ ಒಂದು ಲೆಕ್ಕವನ್ನು ಇಂದಿಗೂ ಕೇಳಿಸಿಕೊಂಡಿಲ್ಲ.

ಇದೇ ಹೊತ್ತಿಗೆ ಜಪಾನಿನಲ್ಲಿ ಹೆರಾಲ್ಡ್ ಪಾಮರ್ ಮತ್ತು ಎ.ಎಸ್. ಹಾರ್ನ್‌ಬಿ ಇನ್ನೊಂದು ತುದಿಯಿಂದ ಇದೇ ಸಮಸ್ಯೆಯನ್ನು ಬಿಡಿಸುತ್ತಿದ್ದರು. ಒಂದು ವಾಕ್ಯದ ಚೌಕಟ್ಟು ಕೊಟ್ಟು, ಅದರ ಒಂದೊಂದು ಸ್ಥಾನದಲ್ಲಿ ಪದ ಬದಲಿಸುತ್ತಾ ನೂರಾರು ವಾಕ್ಯ ಹೇಳಿಸುವ ಕೋಷ್ಟಕಗಳನ್ನು ಪಾಮರ್ 1916ರಲ್ಲೇ ಪ್ರಕಟಿಸಿದ್ದರು. ಹಾರ್ನ್‌ಬಿ ತಮ್ಮ ಸಂಗಡಿಗರೊಂದಿಗೆ ಕಲಿಯುವವರಿಗಾಗಿಯೇ ರಚಿಸಿದ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. ಇಂದು ನಮ್ಮ ಕಾಲೇಜುಗಳಲ್ಲಿ ಕಾಣುವ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ನಿಘಂಟಿನ ಮೂಲ ಅದೇ. ಸ್ವಾತಂತ್ರ್ಯಾನಂತರ ಇವರ ವಿಚಾರಗಳು ಸ್ಟ್ರಕ್ಚರಲ್ ಅಪ್ರೋಚ್ ಎಂಬ ಹೆಸರಿನಲ್ಲಿ ಭಾರತಕ್ಕೆ ಬಂದವು. ಹೈದರಾಬಾದಿನಲ್ಲಿ 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ, ಬೆಂಗಳೂರಿನಲ್ಲಿ 1963ರಲ್ಲಿ ದಕ್ಷಿಣ ರಾಜ್ಯಗಳಿಗಾಗಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಸ್ಥಾಪನೆಯಾದವು. ಹೈದರಾಬಾದಿನ ಸಂಸ್ಥೆಯನ್ನು 1960ರ ದಶಕದಲ್ಲಿ ನಡೆಸಿದವರು ನಮ್ಮ ವಿ.ಕೃ. ಗೋಕಾಕರು, ಮುಂದೆ ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನ ಕೇಳಿದ ವರದಿಗೆ ಹೆಸರು ಕೊಟ್ಟವರೂ ಅವರೇ. ಇಂಗ್ಲಿಷನ್ನು ಚೆನ್ನಾಗಿ ಕಲಿಸುವುದಕ್ಕೂ ಕನ್ನಡವನ್ನು ಎತ್ತಿ ಹಿಡಿಯುವುದಕ್ಕೂ ವೈರವಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ. ಸ್ಟ್ರಕ್ಚರಲ್ ಪದ್ಧತಿಯಲ್ಲಿ ನಿಯಮದ ಬಾಯಿಪಾಠ ಹೋಯಿತು, ವಾಕ್ಯದ ಬಾಯಿಪಾಠ ಬಂತು. ಮಕ್ಕಳು ಬಾಯಿ ಬಿಟ್ಟು ಇಂಗ್ಲಿಷ್ ಹೇಳಿದರು, ಇದು ಸಣ್ಣ ಲಾಭವಲ್ಲ. ಆದರೆ ಇದು ಪುಸ್ತಕ, ಅದು ಮೇಜು ಎಂದು ಇಡೀ ತರಗತಿ ಕೂಗುವಾಗ ಯಾರಿಗೂ ತಿಳಿಯದ ಸಂಗತಿಯೊಂದು ಅಲ್ಲಿ ಇರುತ್ತಿರಲಿಲ್ಲ. ಹೇಳುವುದಕ್ಕೆ ಕಾರಣವಿಲ್ಲದ ಮಾತು ತರಗತಿಯ ಬಾಗಿಲು ದಾಟಿ ಹೊರಗೆ ಬರುವುದಿಲ್ಲ.

ಆ ಕೊರತೆಯನ್ನು ಎದುರಿಸಿ ನಿಂತ ಪ್ರಯೋಗ ನಮ್ಮ ಊರಿನ ಹೆಸರನ್ನೇ ಹೊತ್ತಿದೆ. ಮದರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್.ಎಸ್. ಪ್ರಭು, ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ನೆರವಿನಿಂದ 1979ರಿಂದ 1984ರವರೆಗೆ ಬೆಂಗಳೂರು, ಮದರಾಸು, ಕಡಲೂರುಗಳ ಸಾಧಾರಣ ಶಾಲೆಗಳಲ್ಲಿ 8ರಿಂದ 15 ವರ್ಷದ ಮಕ್ಕಳೊಂದಿಗೆ ಒಂದು ಯೋಜನೆ ನಡೆಸಿದರು. ಭಾಷಾ ಬೋಧನೆಯ ಗ್ರಂಥಗಳಲ್ಲಿ ಅದು ಬೆಂಗಳೂರು ಯೋಜನೆ ಎಂದೇ ಪ್ರಸಿದ್ಧ. ವ್ಯಾಕರಣದ ಕ್ರಮಪಟ್ಟಿ ಇಲ್ಲ, ಹೊಸ ಪದಗಳ ಪಟ್ಟಿ ಇಲ್ಲ, ಡ್ರಿಲ್ ಇಲ್ಲ. ಅವುಗಳ ಬದಲಿಗೆ ಪ್ರತಿ ಪಾಠದಲ್ಲೂ ಬಿಡಿಸಬೇಕಾದ ಒಂದು ಸಮಸ್ಯೆ. ರೈಲಿನ ವೇಳಾಪಟ್ಟಿ ಕೊಟ್ಟು ಇಂಥ ಹೊತ್ತಿಗೆ ಇಂಥ ಊರು ಮುಟ್ಟಬೇಕಾದರೆ ಯಾವ ಗಾಡಿ ಹಿಡಿಯಬೇಕು ಎಂದು ಲೆಕ್ಕ ಹಾಕಿಸುವುದು, ನಕ್ಷೆ ನೋಡಿ ದಾರಿ ಕಂಡುಹಿಡಿಸುವುದು, ಹೇಳಿದಂತೆ ಚಿತ್ರ ಬರೆಸುವುದು ಇಂಥವು. ಮೊದಲು ಅಂಥದೇ ಒಂದು ಸಮಸ್ಯೆಯನ್ನು ಶಿಕ್ಷಕರು ಇಡೀ ತರಗತಿಯೊಂದಿಗೆ ಮಾತಾಡುತ್ತಾ ಬಿಡಿಸುವರು. ಆಮೇಲೆ ಮಕ್ಕಳು ಇನ್ನೊಂದನ್ನು ತಾವೇ ಬಿಡಿಸುವರು. ಮನಸ್ಸು ಅರ್ಥದ ಮೇಲೆ ನೆಟ್ಟಿರುವಾಗ ವ್ಯಾಕರಣ ತನ್ನಷ್ಟಕ್ಕೆ ಒಳಗೆ ರೂಪುಗೊಳ್ಳುತ್ತದೆ ಎಂಬುದು ಪ್ರಭು ಅವರ ಸಿದ್ಧಾಂತ. ಅವರು 1987ರಲ್ಲಿ ಬರೆದ ಪುಸ್ತಕ ಜಗತ್ತಿನಲ್ಲಿ ಟಾಸ್ಕ್ ಆಧಾರಿತ ಕಲಿಕೆ ಎಂದು ಇಂದು ಕರೆಯುವ ಪದ್ಧತಿಯ ಆಧಾರ ಗ್ರಂಥಗಳಲ್ಲಿ ಒಂದಾಯಿತು.

ಪ್ರಯೋಗ ನಿಜವಾಗಿ ಫಲಿಸಿತೇ ಎಂದು ಕೇಳುವ ಹಕ್ಕು ಓದುಗರಿಗಿದೆ. ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ ಇದನ್ನು ಹೊರಗಿನಿಂದ ಪರೀಕ್ಷಿಸಿ 1985ರಲ್ಲಿ ವರದಿ ಕೊಟ್ಟರು. ವಾಕ್ಯರಚನೆಯ ನೇರ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯ ಮಕ್ಕಳು ಮುಂದಿದ್ದರು, ಸಮಸ್ಯೆ ಬಿಡಿಸುವ ಪರೀಕ್ಷೆಯಲ್ಲಿ ಯೋಜನೆಯ ಮಕ್ಕಳು ಮುಂದಿದ್ದರು, ಇದು ನಿರೀಕ್ಷಿತ. ಎರಡೂ ಬಣಕ್ಕೆ ಸೇರದ ಪರೀಕ್ಷೆಗಳಲ್ಲಿ, ಅಂದರೆ ಉಕ್ತಲೇಖನದಲ್ಲಿ, ಕೇಳಿ ಓದಿ ತಿಳಿಯುವುದರಲ್ಲಿ, ಸಂದರ್ಭದೊಳಗೆ ವ್ಯಾಕರಣ ಬಳಸುವುದರಲ್ಲಿ ಒಟ್ಟಾರೆ ತಕ್ಕಡಿ ಯೋಜನೆಯ ಕಡೆಗೆ ವಾಲಿತು. ಮೌಲ್ಯಮಾಪಕರು ಎಚ್ಚರದ ಮಾತಿನಲ್ಲೇ ಇದನ್ನು ಹೇಳಿದರು, ನಾವೂ ಅಷ್ಟೇ ಎಚ್ಚರದಿಂದ ತೆಗೆದುಕೊಳ್ಳಬೇಕು. ಮುಂದಿನ ಅಧ್ಯಯನದಲ್ಲಿ ಬೆರೆಟ್ಟಾ ಇನ್ನೊಂದು ತೊಡಕನ್ನು ತೋರಿಸಿದರು: ಪ್ರಭು ಅವರ ಆಪ್ತ ಬಳಗದ ಶಿಕ್ಷಕರಿಗೆ ಈ ಪದ್ಧತಿ ಒಗ್ಗಿದಷ್ಟು ಶಾಲೆಯ ಸಾಮಾನ್ಯ ಶಿಕ್ಷಕರಿಗೆ ಒಗ್ಗಿರಲಿಲ್ಲ. ಸಿದ್ಧ ಉತ್ತರವಿಲ್ಲದ ಮಾತುಕತೆಯನ್ನು ಇಂಗ್ಲಿಷಿನಲ್ಲಿ ನಡೆಸಲು ಧೈರ್ಯ ಬೇಕು, ಆ ಧೈರ್ಯಕ್ಕೆ ಶಿಕ್ಷಕರ ಸ್ವಂತ ಭಾಷೆ ಗಟ್ಟಿಯಿರಬೇಕು. ಈ ಆಕ್ಷೇಪಣೆ ನಿಜ. ಆದರೆ ಅದು ಸಾಧಿಸುವುದು ಶಿಕ್ಷಕರ ತರಬೇತಿಯ ಅಗತ್ಯವನ್ನೇ ಹೊರತು ವ್ಯಾಕರಣದ ಡ್ರಿಲ್ಲಿಗೆ ಮರಳಬೇಕೆಂಬುದನ್ನಲ್ಲ. ಶಿಕ್ಷಕರೂ ಅದೇ ಬಿಟ್ಟ ಸ್ಥಳ ತುಂಬಿ ಬಂದವರು. ಅವರಿಗೂ ಓದುವ, ಮಾತಾಡುವ ಅವಕಾಶ ದೊರೆಯಲಿಲ್ಲ.

ಇನ್ನೂ ಗಟ್ಟಿಯಾದ ಆಕ್ಷೇಪಣೆ ಸಂಶೋಧನೆಯ ಕಡೆಯಿಂದಲೇ ಬರುತ್ತದೆ. 2000ದಲ್ಲಿ ಜಾನ್ ನಾರಿಸ್ ಮತ್ತು ಲೂರ್ಡೆಸ್ ಒರ್ಟೇಗ 49 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ನಿಯಮವನ್ನು ಬಾಯಿಬಿಟ್ಟು ಹೇಳಿ ಕಲಿಸುವುದು ಹೇಳದೆ ಬಿಡುವುದಕ್ಕಿಂತ ಹೆಚ್ಚು ಪರಿಣಾಮಕಾರಿ ಎಂದು ತೋರಿಸಿದರು. ಅವರೇ ಒಪ್ಪಿಕೊಂಡಂತೆ ಆ ಅಧ್ಯಯನಗಳಲ್ಲಿ ಬಹುಪಾಲು ಬಳಸಿದ್ದು ನಿಯಮದ ಅರಿವನ್ನೇ ಅಳೆಯುವ ಪರೀಕ್ಷೆಗಳನ್ನು, ಸಹಜ ಮಾತುಬರಹವನ್ನಲ್ಲ. ಹಾಗಿದ್ದರೂ ವಿವರಣೆ ವ್ಯರ್ಥ ಎನ್ನಲು ಬಾರದು, ಕನ್ನಡಿಗರಿಗಂತೂ ಅದು ಬೇಕೇ ಬೇಕು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ನಡುವೆ. ನಮ್ಮ ವಿಭಕ್ತಿ ಪ್ರತ್ಯಯ ನಾಮಪದದ ಕೊನೆಗೆ ಅಂಟುತ್ತದೆ, ಅವರ ಪ್ರಿಪೊಸಿಷನ್ ನಾಮಪದಕ್ಕೆ ಮೊದಲೇ ನಿಲ್ಲುತ್ತದೆ. ಆರ್ಟಿಕಲ್ ಎಂಬುದು ನಮ್ಮಲ್ಲಿ ಇಲ್ಲವೇ ಇಲ್ಲ. ಇವನ್ನು ಕನ್ನಡದಲ್ಲಿ ಎರಡು ನಿಮಿಷ ವಿವರಿಸಿದರೆ ಎರಡು ವಾರದ ಗೊಂದಲ ತಪ್ಪುತ್ತದೆ. ತರಗತಿಯಲ್ಲಿ ಮಾತೃಭಾಷೆಯನ್ನು ದೂರವಿಡಬೇಕೆಂಬ ಹಟಕ್ಕೆ ಆಧಾರವಿಲ್ಲವೆಂದು ಸಿ.ಜೆ. ಡಾಡ್‌ಸನ್ 1967ರಲ್ಲಿಯೇ ತಮ್ಮ ದ್ವಿಭಾಷಾ ಪದ್ಧತಿಯಲ್ಲಿ ವಾದಿಸಿದ್ದರು. ಪದಗಳ ನೆನಪಿನ ವಿಷಯದಲ್ಲೂ ಹಾಗೆಯೇ. 1885ರಲ್ಲಿ ಹರ್ಮನ್ ಎಬ್ಬಿಂಗ್‌ಹೌಸ್ ಮರೆವಿನ ವೇಗವನ್ನು ಅಳೆದು ತೋರಿಸಿದ ಮೇಲೆ, ಒಂದೇ ದಿನ ಹತ್ತು ಬಾರಿ ಉರು ಹೊಡೆಯುವುದಕ್ಕಿಂತ ದಿನಗಳ ಅಂತರ ಬಿಟ್ಟು ನೆನಪಿಸಿಕೊಳ್ಳುವುದು ಮೇಲೆಂಬುದು ಮತ್ತೆ ಮತ್ತೆ ಸಾಬೀತಾಗಿದೆ. ಅಂತರ ಬಿಟ್ಟು ಪದಗಳನ್ನು ಮರಳಿ ಕೇಳುವ ಇಂದಿನ ಆ್ಯಪ್‌ಗಳ ಬಲ ಇರುವುದು ಇಲ್ಲಿಯೇ. ಆದ್ದರಿಂದ ಇಲ್ಲಿನ ವಾದ ಅಭ್ಯಾಸ ಬೇಡ ಎಂಬುದಲ್ಲ; ಅಭ್ಯಾಸಕ್ಕೆ ಅದರ ಪಾಲು ಮಾತ್ರ ಸಲ್ಲಲಿ ಎಂಬುದು. ಪದಸಂಪತ್ತಿನ ಕಲಿಕೆಯನ್ನು ಜೀವಮಾನವಿಡೀ ಅಧ್ಯಯನ ಮಾಡಿದ ಪಾಲ್ ನೇಷನ್ ಆ ಪಾಲನ್ನು ಲೆಕ್ಕ ಹಾಕಿಯೂ ಕೊಟ್ಟಿದ್ದಾರೆ: ಕೇಳುವ ಓದುವ ಕೆಲಸಕ್ಕೆ ಕಾಲು, ಮಾತಾಡುವ ಬರೆಯುವ ಕೆಲಸಕ್ಕೆ ಕಾಲು, ಬಲ್ಲ ಭಾಷೆಯಲ್ಲೇ ಸರಾಗ ಸಾಧಿಸುವುದಕ್ಕೆ ಕಾಲು, ಭಾಷೆಯ ನಿಯಮ ಮತ್ತು ಪದಗಳ ನೇರ ಕಲಿಕೆಗೆ ಉಳಿದ ಕಾಲು. ನಮ್ಮ ತರಗತಿಗಳಲ್ಲಿ ಈ ಕೊನೆಯ ಕಾಲುಭಾಗವೇ ಉಳಿದ ಮುಕ್ಕಾಲನ್ನೂ ನುಂಗಿದೆ.

ಹಾಗಿದ್ದರೆ ಹಳೆಯ ಕಾಲದಂತೆ ಎಲ್ಲವನ್ನೂ ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸಿದರೆ ಬಳಕೆ ಮರಳಿ ಬರುವುದಿಲ್ಲವೇ ಎಂದು ಕೆಲವರು ಕೇಳಬಹುದು. ಬರುವುದಿಲ್ಲ. ಅಂದಿನ ಇಂಗ್ಲಿಷ್ ಮಾಧ್ಯಮದ ಹುಡುಗ ದೇಶಭಾಷೆಯಲ್ಲಿ ಓದುಬರಹ ಗಟ್ಟಿ ಮಾಡಿಕೊಂಡ ಮೇಲೆ ಹೈಸ್ಕೂಲಿಗೆ ಬರುತ್ತಿದ್ದನು, ಅಂಥವರು ಬೆರಳೆಣಿಕೆಯ ಮಂದಿ. ಹಾಗೆ ಆಯ್ದು ಬಂದವರಿಗೂ ಪಾಠ ಅರ್ಥವಾಗುತ್ತಿರಲಿಲ್ಲ ಎಂಬುದನ್ನು 1902ರ ಆಯೋಗ ಹೇಳಿದೆ. ಅರ್ಥವಾಗದ ಭಾಷೆಯಲ್ಲಿ ವಿಜ್ಞಾನ ಓದಿದರೆ ವಿಜ್ಞಾನವೂ ಬಾಯಿಪಾಠವಾಗುತ್ತದೆ, ಭಾಷೆಯೂ ಬಾಯಿಪಾಠವಾಗುತ್ತದೆ. ಮಾಧ್ಯಮ ಬದಲಾಗದಿದ್ದರೂ ಓದು ಏನು ಮಾಡಬಲ್ಲದು ಎಂಬುದಕ್ಕೆ ಫಿಜಿಯ ಸಾಕ್ಷಿಯಿದೆ. ಅಲ್ಲಿನ ಹಳ್ಳಿ ಶಾಲೆಗಳ 4 ಮತ್ತು 5ನೇ ತರಗತಿಗಳಲ್ಲಿ ವಾರ್ವಿಕ್ ಎಲಿ ಮತ್ತು ಫ್ರಾನ್ಸಿಸ್ ಮಂಗೂಭಾಯಿ ನಡೆಸಿದ ಪ್ರಯೋಗದ ಫಲ 1983ರಲ್ಲಿ ಪ್ರಕಟವಾಯಿತು. ಕೆಲವು ಶಾಲೆಗಳಿಗೆ ತರಗತಿಗೆ 250 ಇಂಗ್ಲಿಷ್ ಕಥೆಪುಸ್ತಕ ಕೊಟ್ಟರು, ಉಳಿದ ಶಾಲೆಗಳು ವಾಕ್ಯರಚನೆಯ ಡ್ರಿಲ್ಲನ್ನೇ ಮುಂದುವರಿಸಿದವು. ಎಂಟು ತಿಂಗಳಲ್ಲಿ ಕಥೆ ಓದಿದ ಮಕ್ಕಳ ಓದುವ ಮತ್ತು ಕೇಳಿ ತಿಳಿಯುವ ಶಕ್ತಿ ಉಳಿದವರಿಗಿಂತ ಇಮ್ಮಡಿ ವೇಗದಲ್ಲಿ ಬೆಳೆದಿತ್ತು. ಢಾಕಾದಲ್ಲಿ ವೆಸ್ಟ್ ಹೇಳಿದ್ದು ಅರ್ಧ ಶತಮಾನ ಕಳೆದು ದೂರದ ದ್ವೀಪನಾಡಿನಲ್ಲಿ ದೃಢಪಟ್ಟಿತು.

ಇಷ್ಟೆಲ್ಲ ತಿಳಿದೂ ಹಳೆಯ ಅಭ್ಯಾಸ ಅಲುಗಾಡದೆ ಉಳಿದಿರುವುದಕ್ಕೆ ಕಾರಣ ಶಿಕ್ಷಕರ ಸೋಮಾರಿತನವಲ್ಲ, ಪ್ರಶ್ನೆಪತ್ರಿಕೆ. ಮೆಟ್ರಿಕ್ಯುಲೇಷನ್ ಹೋಗಿ ಎಸ್ಸೆಸ್ಸೆಲ್ಸಿ ಬಂತು, ಪಠ್ಯಪುಸ್ತಕ ಎಷ್ಟೋ ಬಾರಿ ಬದಲಾಯಿತು, 2007ರಿಂದ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ಕಲಿಕೆಯ ವರ್ಷಗಳು ಹೆಚ್ಚಿದವು. ಅಳತೆಗೋಲು ಮಾತ್ರ ಅದೇ. ಬೇಗ ತಿದ್ದಲು ಆಗುವುದನ್ನೇ ಕೇಳುತ್ತೇವೆ, ಕೇಳುವುದನ್ನೇ ಕಲಿಸುತ್ತೇವೆ, ಕಲಿಸಿದ್ದನ್ನೇ ಗೈಡುಗಳು ಅಚ್ಚು ಹಾಕುತ್ತವೆ. ಈ ಸರಪಳಿ ಕಡಿಯಬೇಕಾದರೆ ಕೊನೆಯ ಕೊಂಡಿಯಾದ ಪ್ರಶ್ನೆಪತ್ರಿಕೆಯಿಂದಲೇ ಆರಂಭಿಸಬೇಕು. ಮಕ್ಕಳು ಹಿಂದೆಂದೂ ಓದಿರದ ಒಂದು ಪುಟವನ್ನು ಕೊಟ್ಟು ಅರ್ಥ ಕೇಳಿ; ಒಂದು ವೇಳಾಪಟ್ಟಿ, ಒಂದು ನೋಟೀಸು, ಒಂದು ಪತ್ರ ಕೊಟ್ಟು ಅದರಿಂದ ಕೆಲಸ ಮಾಡಿಸಿ. ಪರೀಕ್ಷೆ ಹಾಗೆ ಕೇಳಿದ ವರ್ಷವೇ ತರಗತಿ ಬದಲಾಗುತ್ತದೆ. ಜೊತೆಗೆ ಪ್ರತಿ ಶಾಲೆಗೂ ಸುಲಭ ಇಂಗ್ಲಿಷಿನ ಕಥೆಪುಸ್ತಕಗಳು ಬೇಕು, ಕಪಾಟಿನ ಬೀಗದೊಳಗಲ್ಲ, ಮಕ್ಕಳ ಕೈಯಲ್ಲಿ. ಅದಕ್ಕೆ ತಗಲುವ ವೆಚ್ಚ ಕಟ್ಟಡ ಕಟ್ಟುವ ವೆಚ್ಚದ ಮುಂದೆ ಏನೇನೂ ಅಲ್ಲ. ಮನೆಯಲ್ಲಿ ಒಂಟಿಯಾಗಿ ಇಂಗ್ಲಿಷ್ ಕಲಿಯಲು ಹೊರಟವರಿಗೂ ಈ ಚರಿತ್ರೆ ಕೊಡುವ ಸಲಹೆ ಇದೇ: ದಿನಕ್ಕೆ ಒಂದು ಗಂಟೆ ಇದ್ದರೆ ಕಾಲು ಗಂಟೆ ವ್ಯಾಕರಣಕ್ಕೆ ಮತ್ತು ಪದಗಳಿಗೆ ಕೊಡಿ, ಉಳಿದ ಮುಕ್ಕಾಲು ಗಂಟೆ ನಿಮಗೆ ಇಷ್ಟವಾದುದನ್ನು ಓದಿ, ಕೇಳಿ, ನಾಲ್ಕು ಸಾಲು ಬರೆಯಿರಿ. ರೆನ್ ಅಂಡ್ ಮಾರ್ಟಿನ್ ಕೈಗೆಟಕುವ ಹಾಗೆ ಪಕ್ಕದಲ್ಲಿರಲಿ, ಓದಿನಲ್ಲಿ ಸಂಶಯ ಬಂದಾಗ ತೆರೆಯಿರಿ. ಪ್ರಯೋಗವನ್ನು ಬಲ್ಲವರಿಗೆ ವ್ಯಾಕರಣ ನೆರವಾಗುತ್ತದೆ. ಪ್ರಯೋಗದ ಬದಲಿಗೆ ವ್ಯಾಕರಣ ಎಂದೂ ನಿಂತಿಲ್ಲ, ನಿಲ್ಲುವುದೂ ಇಲ್ಲ.